ಲೆಡ್ಜರಿನಲ್ಲಿಲ್ಲದ ಹೆಸರು



ಈ ಹೊತ್ತು ಸಕ್ಕರೆಯ ಮಾತು ಆಡಬೇಕೆಂದಿದ್ದೇನೆ. ಸಕ್ಕರೆ ರೋಗದ ಮಾತಲ್ಲ, ಅದನ್ನು ಡಾಕ್ಟರರು ಆಡುತ್ತಾರೆ. ಮುಂಜಾನೆ ಚಹಕ್ಕೆ ಹಾಕಿಕೊಳ್ಳುವ ಈ ಬಿಳಿ ಹರಳು ಯಾರ ಕೈಯಿಂದ ಬಂತು, ಆ ಕೈಗೆ ಕೂಲಿ ಮುಟ್ಟಿತೋ ಇಲ್ಲವೋ ಎಂದು ಅಂಗಡಿಯವನನ್ನು ಕೇಳುವ ರೂಢಿ ಜಗತ್ತಿನಲ್ಲಿ ಹೇಗೆ ಹುಟ್ಟಿತು, ಅಂಗಡಿಯವರು ಏನೇನು ಉತ್ತರ ಕೊಟ್ಟರು ಎಂಬುದು ನನ್ನ ವಿಷಯ. ನಾನು ಇತಿಹಾಸ ಓದಿ ಪದವಿ ಪಡೆದವನಲ್ಲ. ಮ್ಯಾಟ್ರಿಕ್ ಮುಗಿಸಿ ಬ್ಯಾಂಕಿನಲ್ಲಿ ಕಾರಕೂನನಾಗಿ ಸೇರಿ, ಕಾರಕೂನನಾಗಿಯೇ ನಿವೃತ್ತನಾದವನು. ಆದರೆ ಈ ಪ್ರಶ್ನೆ ನನಗೆ ಪುಸ್ತಕದಲ್ಲಿ ಸಿಕ್ಕದ್ದಲ್ಲ, ಕೌಂಟರಿನ ಮುಂದೆ ಬಂದು ನಿಂತದ್ದು.

1990ರ ದಶಕದ ನಡುವಿನ ಮಾತು. ಜತ್ತ ತಾಲೂಕಿನ ಪೂರ್ವ ಭಾಗದ, ನಮ್ಮ ಕನ್ನಡ ಹಳ್ಳಿಗಳ ಕಡೆಯ ಒಂದು ಶಾಖೆಯಲ್ಲಿ ನಾನಿದ್ದೆ. ಯುಗಾದಿಯ ಮರುವಾರ ಒಬ್ಬ ಮನುಷ್ಯ ಬಂದ. ಮುಂಗೈ ತುಂಬ ಕಬ್ಬಿನ ರವುದಿ ಗೀರಿದ ಗಾಯ. ಜನ ಕಡಿಮೆಯಾಗುವತನಕ ಗೋಡೆಗೆ ಒರಗಿ ನಿಂತಿದ್ದು, ಆಮೇಲೆ ಹತ್ತಿರ ಬಂದು ಕೇಳಿದ:

"ಸಾಹೇಬ್ರ, ನನ್ನ ಮ್ಯಾಲ ಸಾಲ ಎಷ್ಟ ಐತಿ, ಬುಕ್ಕಿನ್ಯಾಗ ನೋಡಿ ಹೇಳ್ರಿ."

ಯಾವ ಸಾಲ ಎಂದೆ.

"ಕಬ್ಬ ಕಡಿಯೂ ಸಾಲರಿ. ಬ್ಯಾಂಕಿನ ರೊಕ್ಕ, ಬ್ಯಾಂಕಿನ ಬಡ್ಡಿ ಅಂತಾನ್ರಿ ನಮ್ಮ ಮುಕಾದಮ. ಮೂರ ವರ್ಷ ಆತು, ಕಡಿದದ್ದ ಕಡಿದದ್ದ, ಇನ್ನೂ ಮುಟ್ಟಿಲ್ಲ ಅಂತಾನ."

ನಾನು ಹೆಸರು ಕೇಳಿ, ಸಾಲದ ಲೆಡ್ಜರು ತಿರುವಿದೆ. ಇರಲಿಲ್ಲ. ಇರುವುದಿಲ್ಲವೆಂದು ನನಗೆ ಮೊದಲೇ ಗೊತ್ತಿತ್ತು, ಆದರೂ ಅವನ ಸಮಾಧಾನಕ್ಕೆ ತಿರುವಿದೆ. "ನಿನ್ನ ಹೆಸರು ನಮ್ಮ ಬುಕ್ಕಿನ್ಯಾಗ ಇಲ್ಲಪ್ಪಾ" ಎಂದೆ. ಅವನ ಮುಖ ಅರಳಿತು.

"ಹಂಗಾರ ಸಾಲ ಹರೀತಂತೀರೇನ್ರಿ?"

ಆ ಪ್ರಶ್ನೆಗೆ ನಾನು ಉತ್ತರ ಕೊಡಲಾರದೆ ಹೋದೆ. ಏಕೆಂದು ಮುಂದೆ ಹೇಳುತ್ತೇನೆ. ಅದಕ್ಕೆ ಮೊದಲು ಇನ್ನೂರು ವರ್ಷ ಹಿಂದಕ್ಕೆ, ಸಮುದ್ರದಾಚೆಗೆ ಹೋಗಿ ಬರಬೇಕು.

ಹದಿನೆಂಟನೆಯ ಶತಮಾನದ ಇಂಗ್ಲೆಂಡಿನಲ್ಲಿ ಚಹ ಮತ್ತು ಸಕ್ಕರೆ ಸಾಧಾರಣ ಮನೆಗಳಿಗೂ ಇಳಿದಿದ್ದವು. ಚಹ ಚೀನದಿಂದ ಬರುತ್ತಿತ್ತು. ಸಕ್ಕರೆ ಬರುತ್ತಿದ್ದುದು ವೆಸ್ಟ್ ಇಂಡೀಸಿನ ಜಮೈಕ, ಬಾರ್ಬಡೋಸ್ ಮೊದಲಾದ ದ್ವೀಪಗಳಿಂದ. ಅಲ್ಲಿ ಕಬ್ಬು ನೆಡುವವರು, ಕಡಿಯುವವರು, ಗಾಣಕ್ಕೆ ಒಡ್ಡುವವರು ಎಲ್ಲರೂ ಆಫ್ರಿಕದಿಂದ ಹಡಗಿನಲ್ಲಿ ತುಂಬಿ ತಂದು ಮಾರಿದ ಗುಲಾಮರು. ಈ ವ್ಯಾಪಾರವನ್ನು ನಿಲ್ಲಿಸಬೇಕೆಂದು ವಿಲ್ಬರ್‌ಫೋರ್ಸ್ ಎಂಬ ಸದಸ್ಯನು ಪಾರ್ಲಿಮೆಂಟಿನಲ್ಲಿ ಸೂಚನೆ ಮಂಡಿಸಿದ. 1791ರ ಏಪ್ರಿಲಿನಲ್ಲಿ ಅದು 88ಕ್ಕೆ 163 ಮತಗಳಿಂದ ಬಿದ್ದುಹೋಯಿತು.

ಪಾರ್ಲಿಮೆಂಟು ಕೈಬಿಟ್ಟ ಮೇಲೆ ಜನ ಅಂಗಡಿಯ ಕಡೆ ತಿರುಗಿದರು. ಅದೇ ವರ್ಷ ವಿಲಿಯಂ ಫಾಕ್ಸ್ ಎಂಬವನು ಒಂದು ಸಣ್ಣ ಪುಸ್ತಿಕೆ ಬರೆದ. ವೆಸ್ಟ್ ಇಂಡೀಸಿನ ಸಕ್ಕರೆ, ರಮ್ಮು ಮುಟ್ಟಬೇಡಿರಿ ಎಂಬುದೇ ಅದರ ಮಾತು. ಕೆಲವೇ ತಿಂಗಳಲ್ಲಿ ಎಪ್ಪತ್ತು ಸಾವಿರ ಪ್ರತಿಗಳು ಹೋದವು. ಅದರಲ್ಲಿ ಒಂದು ಲೆಕ್ಕವಿದೆ. ಲೆಕ್ಕದವನಾದ ನನಗೆ ಅದೇ ಹೆಚ್ಚು ಹಿಡಿಸಿತು. ವಾರಕ್ಕೆ ಐದು ಪೌಂಡು ಸಕ್ಕರೆ ತಿನ್ನುವ ಒಂದು ಮನೆತನ 21 ತಿಂಗಳು ಸಕ್ಕರೆ ಬಿಟ್ಟರೆ ಒಬ್ಬ ಮನುಷ್ಯನ ಗುಲಾಮಗಿರಿಯೋ ಕೊಲೆಯೋ ತಪ್ಪುತ್ತದೆ ಎಂದು ಫಾಕ್ಸನ ಲೆಕ್ಕ. ನಾನೂ ಕಾಗದದ ಮೇಲೆ ಗುಣಿಸಿ ನೋಡಿದೆ. ನಮ್ಮ ಅಳತೆಯಲ್ಲಿ ಎರಡು ಕ್ವಿಂಟಲಿಗೆ ತುಸು ಹೆಚ್ಚು. ಎರಡು ಕ್ವಿಂಟಲ್ ಸಕ್ಕರೆಗೆ ಒಂದು ಜೀವ! ಲೆಕ್ಕ ಸರಿಯೋ ತಪ್ಪೋ, ಅಂಗಡಿಯ ತಕ್ಕಡಿಯಲ್ಲಿ ಆಚೆ ದಡದ ಮನುಷ್ಯನನ್ನು ಹೀಗೆ ಇಟ್ಟು ತೂಗಿದ್ದು ದೊಡ್ಡ ಕೆಲಸ.

ಸುಮಾರು ಮೂರು ಲಕ್ಷ ಜನ ಸಕ್ಕರೆ ಬಿಟ್ಟರೆಂದು ಊರೂರು ತಿರುಗಿದ ಕ್ಲಾರ್ಕ್‌ಸನ್ ಎಂಬ ಕಾರ್ಯಕರ್ತ ಅಂದಾಜು ಮಾಡಿದ್ದಾನೆ. ಮನೆಯ ಸಾಮಾನಿನ ಯಾದಿ ಹೆಂಗಸರ ಕೈಯಲ್ಲಿತ್ತು, ಅದರಿಂದ ಈ ಚಳವಳಿಯೂ ಬಹುಮಟ್ಟಿಗೆ ಅವರ ಕೈಯಲ್ಲೇ ನಡೆಯಿತು. ಅವರಿಗೆ ಮತ ಹಾಕುವ ಹಕ್ಕಿರಲಿಲ್ಲ, ಸಕ್ಕರೆ ತರಬೇಡ ಎನ್ನುವ ಹಕ್ಕು ಇತ್ತು. ಅಂಗಡಿಕಾರರಲ್ಲೂ ಕೆಲವರು ಮುಂದೆ ಬಂದರು. ಹೇವರ್‌ಹಿಲ್ ಎಂಬ ಊರಿನ ಜೇಮ್ಸ್ ರೈಟ್ ಎಂಬ ವರ್ತಕನು, ಗುಲಾಮಗಿರಿಯ ಮೈಲಿಗೆಯಿಲ್ಲದ ಕಡೆಯಿಂದ ಸಕ್ಕರೆ ಸಿಗುವವರೆಗೆ ತಾನು ಸಕ್ಕರೆ ಮಾರುವುದಿಲ್ಲವೆಂದು 1792ರಲ್ಲಿ ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟ. ಮಾರುವುದಕ್ಕಾಗಿ ಜಾಹೀರಾತು ಕೊಡುವವರನ್ನು ನಾವು ನೋಡಿದ್ದೇವೆ. ಮಾರುವುದಿಲ್ಲವೆಂದು ದುಡ್ಡು ಕೊಟ್ಟು ಅಚ್ಚು ಹಾಕಿಸಿದವನು ಅಪರೂಪ.

ಆದರೆ ಬಾಂಧವರೆ, ಎಷ್ಟು ದಿನ ಸಪ್ಪೆ ಚಹ ಕುಡಿಯುವುದು? ಬೇರೆ ಕಡೆಯ ಸಕ್ಕರೆ ಬೇಕಾಯಿತು. ಇಲ್ಲಿ ನಮ್ಮ ದೇಶ ಕಥೆಯೊಳಗೆ ಬರುತ್ತದೆ. ಈಸ್ಟ್ ಇಂಡಿಯಾ ಕಂಪನಿಯವರು ಬಂಗಾಲದಿಂದ ಸಕ್ಕರೆ ತರಿಸುತ್ತಿದ್ದರು. 1820ರ ದಶಕದಲ್ಲಿ, ಎರಡನೆಯ ಸಲ ಬಹಿಷ್ಕಾರ ಎದ್ದಾಗ, ಲೆಸ್ಟರ್ ಪಟ್ಟಣದ ಎಲಿಜಬೆತ್ ಹೇರಿಕ್ ಎಂಬಾಕೆ ದಿನಸಿ ಅಂಗಡಿಗಳಿಗೆ ತಾನೇ ಹೋಗಿ, ವೆಸ್ಟ್ ಇಂಡೀಸಿನ ಸಕ್ಕರೆ ಇಡಬೇಡಿರೆಂದು ಒತ್ತಾಯ ಮಾಡುತ್ತಿದ್ದಳು. ಗುಲಾಮಗಿರಿ ಹಂತಹಂತವಾಗಿ ಅಲ್ಲ, ಕೂಡಲೇ ಹೋಗಬೇಕೆಂದು 1824ರಲ್ಲಿ ಬರೆದವಳೂ ಅವಳೇ. ಆ ಕಾಲದಲ್ಲಿ ಸಕ್ಕರೆಯ ಬಟ್ಟಲುಗಳೇ ಬೇರೆಯಾಗಿ ಮಾರಾಟಕ್ಕೆ ಬಂದವು. ನೀಲಿ ಗಾಜಿನ ಬಟ್ಟಲು, ಅದರ ಮೇಲೆ ಬಂಗಾರದ ಬಣ್ಣದ ಅಕ್ಷರ: ಇದು ಈಸ್ಟ್ ಇಂಡಿಯಾ ಸಕ್ಕರೆ, ಗುಲಾಮರು ಮಾಡಿದ್ದಲ್ಲ. ಅಂಥ ಬಟ್ಟಲುಗಳು ಬ್ರಿಟನ್ನಿನ ವಸ್ತುಸಂಗ್ರಹಾಲಯಗಳಲ್ಲಿ ಇಂದಿಗೂ ಇವೆ. ಸರಕಿನ ಮೇಲೆ ಇಂದು ಅಂಟಿಸುವ ಪ್ರಮಾಣಪತ್ರದ ಚೀಟಿಗಳಿಗೆಲ್ಲ ಆ ಬಟ್ಟಲೇ ಮುತ್ತಜ್ಜಿ.

ಆ ಬರೆಹ ನಿಜವಿತ್ತೆ? ಬಂಗಾಲದ ಕಬ್ಬನ್ನು ಬೆಳೆಯುತ್ತಿದ್ದವರು ಹೆಚ್ಚಾಗಿ ರೈತರೆಂಬುದು ಸರಿ. ಆದರೆ ಕಂಪನಿಯ ರಾಜ್ಯದಲ್ಲಿ ಗುಲಾಮಗಿರಿಯಿಲ್ಲ ಎಂದು ಓದಿಕೊಂಡು ಲಂಡನ್ನಿನ ಜನ ಸಮಾಧಾನ ಪಟ್ಟಿದ್ದರೆ, ಅದು ಸುಳ್ಳು ಸಮಾಧಾನ. ವಯನಾಡು, ಕಾಸರಗೋಡುಗಳಲ್ಲಿ ಈ ಕಾರ್ಯಕ್ರಮ ಕೇಳುತ್ತಿರುವ ಬಾಂಧವರಿಗೆ ಅದನ್ನು ನಾನು ಹೇಳಬೇಕಾಗಿಲ್ಲ. ಮೂಲದಾಳು ಎಂಬ ಮಾತು ಆ ಸೀಮೆಯ ಹಿರಿಯರ ಬಾಯಲ್ಲಿ ಇನ್ನೂ ಇದೆ.

ಟಿಪ್ಪು ಸುಲ್ತಾನ ಬಿದ್ದ ಮರುವರ್ಷ, 1800ರಲ್ಲಿ, ಕಂಪನಿ ಬುಕಾನನ್ ಎಂಬ ವೈದ್ಯನನ್ನು ಮೈಸೂರು, ಕನ್ನಡ ಜಿಲ್ಲೆ, ಮಲಬಾರುಗಳ ಸಮೀಕ್ಷೆಗೆ ಕಳಿಸಿತು. ಮಲಬಾರಿನಲ್ಲಿ ಗದ್ದೆಯ ಆಳುಗಳನ್ನು ಕೈಬದಲಾಯಿಸುವ ಮೂರು ವಿಧಗಳನ್ನು ಆತ ಬರೆದಿಟ್ಟಿದ್ದಾನೆ. ಒಂದು ಜನ್ಮ, ಎಂದರೆ ಪೂರಾ ಮಾರಾಟ. ಗಂಡ ಹೆಂಡತಿ ಇಬ್ಬರಿಗೆ 250ರಿಂದ 300 ಹಣ. ಎರಡು ಕಾಣ, ಎಂದರೆ ಒತ್ತೆ. ಆಳಿನ ಬೆಲೆಯ ಮೂರರಲ್ಲಿ ಎರಡು ಪಾಲು ಸಾಲ ಸಿಗುತ್ತಿತ್ತು. ಮೂರು ಪಾಟ್ಟ, ಎಂದರೆ ಬಾಡಿಗೆ. ಗಂಡಾಳಿಗೆ ವರ್ಷಕ್ಕೆ 8 ಹಣ, ಹೆಣ್ಣಾಳಿಗೆ ಅದರ ಅರ್ಧ. ಇದನ್ನು ಓದಿದಾಗ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಮಾರಾಟ, ಒತ್ತೆ, ಬಾಡಿಗೆ. ನಾನು ಮೂವತ್ತು ವರ್ಷಕ್ಕೂ ಮೇಲೆ ಬ್ಯಾಂಕಿನಲ್ಲಿ ಹೊಲಕ್ಕೆ, ಬಂಗಾರಕ್ಕೆ, ಟ್ರ್ಯಾಕ್ಟರಿಗೆ ಮಾಡಿದ ಕಾಗದಗಳೇ ಅವು.

ಇದಕ್ಕಿಂತ ನೇರವಾದ ಪ್ರಕರಣ ಕಣ್ಣೂರಿನ ಬಳಿಯ ಅಂಜರಕಂಡಿಯದು. 1797ರಲ್ಲಿ ಕಂಪನಿಯೇ ಅಲ್ಲಿ ಒಂದು ಸಂಬಾರದ ತೋಟ ಹಾಕಿಸಿತು. ಮೆಣಸು, ಕಾಫಿ, ದಾಲ್ಚಿನ್ನಿ. ಅದರ ಮೇಲ್ವಿಚಾರಕ ಮರ್ಡಾಕ್ ಬ್ರೌನ್. ಮುಂದೆ ತೋಟ ಅವನ ಕೈಗೇ ಹೋಯಿತು. 1811-12ರಲ್ಲಿ ತಲಚೇರಿಯ ಮ್ಯಾಜಿಸ್ಟ್ರೇಟನಾಗಿದ್ದ ಥಾಮಸ್ ಬೇಬರ್ ಎಂಬ ಕಂಪನಿಯ ಅಧಿಕಾರಿಗೆ ಮಕ್ಕಳ ಕಳ್ಳತನದ ಸುಳಿವು ಸಿಕ್ಕಿತು. ಹುಡುಕುತ್ತ ಹೋದರೆ, ತಿರುವಾಂಕೂರಿನ ಕಡೆಯಿಂದ ಕದ್ದು ತಂದ ಮಕ್ಕಳು ಈ ತೋಟದಲ್ಲಿ ಸಿಕ್ಕರು. ಹುಟ್ಟಿನಿಂದ ಸ್ವತಂತ್ರರಾದವರನ್ನೂ ಹಿಡಿದು ತಂದು ಮಾರಿದ್ದರು. ಬೇಬರ್ ಅವರನ್ನು ಬಿಡಿಸಿದ. ಬ್ರೌನ್ ತಪ್ಪೊಪ್ಪಲಿಲ್ಲ. ಆಳುಗಳನ್ನು ಕೊಳ್ಳಲು ಕಂಪನಿಯ ಸರಕಾರವೇ ತನಗೆ ಒಪ್ಪಿಗೆ ಕೊಟ್ಟಿತ್ತೆಂದು ವಾದಿಸಿದ. ಆಗ ಬ್ರಿಟನ್ನಿನಲ್ಲಿ ಗುಲಾಮರ ವ್ಯಾಪಾರ ನಿಷಿದ್ಧವೆಂದು ಕಾನೂನಾಗಿ ನಾಲ್ಕೈದು ವರ್ಷವಾಗಿತ್ತು.

ಈ ಬೇಬರನನ್ನು ನಾನು ದೇವರನ್ನಾಗಿ ಮಾಡುತ್ತಿಲ್ಲ. 1805ರಲ್ಲಿ ವಯನಾಡಿನ ಕಾಡಿನಲ್ಲಿ ಪಳಶಿ ರಾಜನ ಬೆನ್ನು ಹತ್ತಿದ ಪಡೆಯ ಮುಂದಾಳು ಇವನೇ. ಮುಂದೆ ನಮ್ಮ ಧಾರವಾಡದಲ್ಲೂ ಕಲೆಕ್ಟರನಾಗಿದ್ದ. ಆದರೆ 1830ರಲ್ಲಿ ಲಂಡನ್ನಿನ ಪಾರ್ಲಿಮೆಂಟಿನ ಸಮಿತಿಯ ಮುಂದೆ ನಿಂತು, ಮಲಬಾರಿನಲ್ಲಿ ಗುಲಾಮಗಿರಿ ಇದೆ ಎಂದು ಕಣ್ಣಾರೆ ಕಂಡದ್ದನ್ನು ಹೇಳಿದ. ಲಂಡನ್ನಿನ ಬಟ್ಟಲುಗಳ ಮೇಲೆ ಬಂಗಾರದ ಅಕ್ಷರ ಇನ್ನೂ ಹೊಳೆಯುತ್ತಿದ್ದ ಕಾಲವದು. ಬಟ್ಟಲಿನ ಬರೆಹ ಬರೆದವನು ಮಾರುವವನು. ಬೇಬರ್ ತೋಟದ ಒಳಗೆ ಹೋಗಿ ಮಕ್ಕಳನ್ನು ನೋಡಿದವನು. ಈ ಎರಡಕ್ಕೂ ಇರುವ ಅಂತರವನ್ನು ದಯಮಾಡಿ ನೆನಪಿಟ್ಟುಕೊಳ್ಳಿರಿ.

ಮುಂದಿನದನ್ನು ಬೇಗ ಹೇಳುತ್ತೇನೆ. 1833ರಲ್ಲಿ ಬ್ರಿಟನ್ ತನ್ನ ವಸಾಹತುಗಳಲ್ಲಿ ಗುಲಾಮಗಿರಿ ರದ್ದುಮಾಡಿತು. ಗುಲಾಮರ ಒಡೆಯರಿಗೆ ಎರಡು ಕೋಟಿ ಪೌಂಡು ಪರಿಹಾರ ಕೊಟ್ಟಿತು, ಗುಲಾಮರಿಗೆ ಬಿಡಿಗಾಸಿಲ್ಲ. ಕಂಪನಿಯ ಆಳ್ವಿಕೆಯ ಹಿಂದುಸ್ಥಾನವನ್ನು ಆ ಕಾನೂನಿನಿಂದ ಹೊರಗಿಟ್ಟರು. ನಮ್ಮಲ್ಲಿ 1843ರ ಐದನೆಯ ಕಾನೂನು ಬಂದು, ಇವನು ನನ್ನ ಆಳು ಎಂಬ ದಾವೆಯನ್ನು ಕೋರ್ಟು ಕೇಳಬಾರದೆಂದು ಮಾಡಿತು. ಅಪರಾಧವೆಂದು ಆದದ್ದು 1860ರ ದಂಡಸಂಹಿತೆಯಲ್ಲಿ. ಇತ್ತ ಗುಲಾಮರು ಬಿಟ್ಟುಹೋದ ಕಬ್ಬಿನ ಹೊಲಕ್ಕೆ ಆಳು ಬೇಕಲ್ಲ? 1834ರಿಂದಲೇ ಮಾರಿಷಸ್ಸಿಗೆ ನಮ್ಮ ದೇಶದ ಕೂಲಿಗಳ ಹಡಗು ಹೊರಟವು. ಕೈಯಲ್ಲಿ ಒಂದು ಕರಾರು, ಅದನ್ನೇ ಜನ ಗಿರಮಿಟ್ ಎಂದರು. ಕೊರಳಿಗೆ ಮುಂಗಡದ ಸಾಲ. ರತ್ನಾಗಿರಿ, ಸಾತಾರಾ ಕಡೆಯ ಮರಾಠಿ ಜನರೂ ಹೀಗೆ ಹೋದರು. ಆ ಸಕ್ಕರೆಯೂ ಲಂಡನ್ನಿನ ಅಂಗಡಿಗೇ ಬಂತು. 1846ರಲ್ಲಿ ಇನ್ನೊಂದು ವಿಚಿತ್ರವಾಯಿತು. ಸಕ್ಕರೆ ಅಗ್ಗವಾಗಲೆಂದು ಪರದೇಶದ ಸಕ್ಕರೆಯ ಮೇಲಿನ ಹೆಚ್ಚಿನ ಸುಂಕವನ್ನು ಇಳಿಸುತ್ತ ಬಂದು ತೆಗೆದುಹಾಕುವ ಕಾನೂನು ಮಾಡಿದರು. ಪರದೇಶವೆಂದರೆ ಕ್ಯೂಬಾ, ಬ್ರೆಜಿಲ್. ಅಲ್ಲಿ ಗುಲಾಮಗಿರಿ ಹೋದದ್ದು 1886ರಲ್ಲಿ ಮತ್ತು 1888ರಲ್ಲಿ. ಎರಡು ಕೋಟಿ ಪೌಂಡು ಕೊಟ್ಟು ಗುಲಾಮರನ್ನು ಬಿಡಿಸಿದ ದೇಶವೇ, ಪೌಂಡಿಗೆ ಒಂದೆರಡು ಪೆನ್ನಿ ಉಳಿಯುತ್ತದೆಂದು ಗುಲಾಮರ ಸಕ್ಕರೆ ಕೊಂಡಿತು. ಅಂದಿನ ಗಿರಾಕಿಯನ್ನು ಬೈಯುವ ಮುನ್ನ ನಮ್ಮ ಸಂತೆಯ ಚೀಲವನ್ನು ನಾವೇ ನೋಡಿಕೊಳ್ಳುವುದು ಮೇಲು.

ಇಲ್ಲಿ ಮುಂಗಡ ಎಂಬ ಮಾತು ಬಂತು. ಬೇಡಿ ಹಾಕಿ ಎಳೆದು ತರುವ ಕಾಲ ಮುಗಿದ ಮೇಲೆ ಆ ಬೇಡಿಯ ಕೆಲಸವನ್ನು ಮುಂಗಡ ವಹಿಸಿಕೊಂಡಿತು. ವಯನಾಡಿನ ಮಾನಂದವಾಡಿಯ ಬಳಿ ವಳ್ಳಿಯೂರಕಾವು ಎಂಬ ಅಮ್ಮನ ಗುಡಿಯಿದೆ. ಮೀನಮಾಸದ ಜಾತ್ರೆಯಲ್ಲಿ ಜಮೀನುದಾರರು ಪಣಿಯ, ಅಡಿಯ ಜನರ ಕೈಗೆ ಅಮ್ಮನ ಎದುರಿನಲ್ಲಿ ಕೆಲವು ರೂಪಾಯಿ ಇಡುತ್ತಿದ್ದರು. ಅದಕ್ಕೆ ನಿಲ್ಪು ಪಣ ಎಂದು ಹೆಸರು. ಇಸಕೊಂಡವನು ಒಂದು ವರ್ಷ ಆ ಮನೆಯ ಗದ್ದೆ ಬಿಟ್ಟು ಹೋಗುವಂತಿಲ್ಲ. ಸ್ವಾತಂತ್ರ್ಯ ಬಂದ ಮೇಲೂ ಕಾಲು ಶತಮಾನ ಇದು ನಡೆಯಿತು. ಕೊಟ್ಟ ಒಡೆಯರಲ್ಲಿ ಕನ್ನಡ ಮಾತಿನ ಮನೆಗಳೂ ಇದ್ದವು. ನಮ್ಮವರೆಂದು ಆ ಮಾತನ್ನು ಬಿಟ್ಟುಬಿಟ್ಟರೆ ಇದು ಇತಿಹಾಸವಾಗುವುದಿಲ್ಲ.

1975ರ ಅಕ್ಟೋಬರಿನಲ್ಲಿ ಸುಗ್ರೀವಾಜ್ಞೆ, 1976ರಲ್ಲಿ ಕಾನೂನು ಬಂದು, ಜೀತದ ಸಾಲವೆಲ್ಲ ಅಂದಿಗೆ ಹರಿಯಿತು ಎಂದಿತು. ಜೀತವೆಂದರೆ ವಂಶಪಾರಂಪರ್ಯದ ಆಳುತನ ಮಾತ್ರವಲ್ಲ. ಮುಂಗಡ ಕೊಟ್ಟು, ಆ ಮುಂಗಡದ ನೆಪದಿಂದ ಕೂಲಿ ಕಡಿಮೆ ಕೊಟ್ಟು ಅಥವಾ ಬೇರೆ ಕಡೆ ಹೋಗದಂತೆ ಕಟ್ಟಿಹಾಕಿ ದುಡಿಸಿದರೂ ಅದು ಜೀತವೇ. ಕನಿಷ್ಠ ಕೂಲಿಗಿಂತ ಕಡಿಮೆ ಕೊಟ್ಟು ದುಡಿಸುವುದು ಬಲವಂತದ ದುಡಿಮೆಯೆಂದು 1982ರಲ್ಲಿ ಸುಪ್ರೀಂ ಕೋರ್ಟು, ದಿಲ್ಲಿಯ ಏಷ್ಯಾಡ್ ಕ್ರೀಡಾಂಗಣಗಳ ಕೂಲಿಗಳ ಮೊಕದ್ದಮೆಯಲ್ಲಿ ಹೇಳಿತು. ಕಾನೂನು ಚೆನ್ನಾಗಿದೆ. ಆದರೆ ಅದು ಜಾರಿಯಾಗಬೇಕಾದರೆ ಜೀತದವನ ಹೆಸರು ಎಲ್ಲಾದರೂ ಬರೆದಿರಬೇಕಲ್ಲ?

ಇನ್ನು ನನ್ನ ಕೌಂಟರಿಗೆ ಬರುತ್ತೇನೆ.

ಕಬ್ಬಿನ ಹಂಗಾಮು ದೀಪಾವಳಿಯ ಸುಮಾರಿಗೆ ಸುರುವಾಗುತ್ತದೆ. ಅದಕ್ಕಿಂತ ಮೊದಲು ಮಹಾರಾಷ್ಟ್ರದ ಸಕ್ಕರೆ ಕಾರಖಾನೆಗಳು ತೋಡಣಿ ವಾಹತೂಕಿಗೆಂದು, ಅಂದರೆ ಕಡಿಯುವ, ಸಾಗಿಸುವ ಖರ್ಚಿಗೆಂದು, ಬ್ಯಾಂಕಿನಿಂದ ಸಾಲ ಎತ್ತುತ್ತವೆ. ಕಾರಖಾನೆ ಆ ಹಣವನ್ನು ಸಾಗಾಣಿಕೆಯ ಗುತ್ತಿಗೆದಾರನಿಗೆ ಕೊಡುತ್ತದೆ, ಗುತ್ತಿಗೆದಾರ ಮುಕಾದಮನಿಗೆ ಕೊಡುತ್ತಾನೆ. ಮುಕಾದಮ ಬೀಡ್ ಜಿಲ್ಲೆಯ ಹಳ್ಳಿಗಳಿಗೋ ನಮ್ಮ ಜತ್ತ ಭಾಗದ ಬರದ ಹಳ್ಳಿಗಳಿಗೋ ಹೋಗಿ ಗಂಡ ಹೆಂಡಿರ ಜೋಡಿಗಳಿಗೆ ಹಂಚುತ್ತಾನೆ. ಇದಕ್ಕೆ ಉಚಲ್ ಎಂದು ಹೆಸರು, ಎತ್ತಿದ ಹಣ. ಮರಾಠಿಯಲ್ಲಿ ಒಂದು ಜೋಡಿಗೆ ಒಂದು ಕೊಯ್ತಾ ಎನ್ನುತ್ತಾರೆ, ಕೊಯ್ತಾ ಎಂದರೆ ಕುಡುಗೋಲು. ಒಬ್ಬನೇ ಬಂದರೆ ಅರ್ಧ ಕೊಯ್ತಾ. ಐದಾರು ತಿಂಗಳು ಹೊಲದ ಬದುವಿನ ಗುಡಿಸಲಲ್ಲಿ ಇದ್ದು, ಬೆಳಕು ಹರಿಯುವ ಮೊದಲೇ ಎದ್ದು, ಕಡಿದು, ಸಿಪ್ಪೆ ಸುಲಿದು, ಕಟ್ಟಿ, ಹೊತ್ತು, ಗಾಡಿಗೆ ಹೇರಬೇಕು. ಟನ್ನಿಗೆ ಇಂತಿಷ್ಟು ಎಂದು ಕೂಲಿ. ಅದು ಕೈಗೆ ಬರುವುದಿಲ್ಲ, ಉಚಲಿಗೆ ಜಮೆಯಾಗುತ್ತದೆ. ಜ್ವರ ಬಂದು ಒಂದು ದಿನ ಮಲಗಿದರೆ ಖಾಡಾ, ಎಂದರೆ ದಂಡ. ಹಂಗಾಮಿನ ಕೊನೆಗೆ ಬಾಕಿ ಉಳಿದರೆ ಅದು ಮುಂದಿನ ವರ್ಷಕ್ಕೆ ಬಡ್ಡಿ ಸಮೇತ ಹೋಗುತ್ತದೆ, ಜೋಡಿಯೂ ಹೋಗಬೇಕು.

ನಮ್ಮ ಬ್ಯಾಂಕಿನ ಲೆಡ್ಜರಿನಲ್ಲಿ ಇದ್ದದ್ದು ಕಾರಖಾನೆಯ ಹೆಸರು, ಗುತ್ತಿಗೆದಾರನ ಹೆಸರು, ಜಾಮೀನುದಾರನ ಹೆಸರು. ಸಾಲ ಹೊತ್ತಿಗೆ ಸರಿಯಾಗಿ ಮುಟ್ಟುತ್ತಿತ್ತು. ತಪಾಸಣೆಗೆ ಬಂದ ಸಾಹೇಬರು ಉತ್ತಮ ಖಾತೆ ಎಂದು ಹಸಿರು ಶಾಯಿಯಲ್ಲಿ ಬರೆದು ಹೋದರು. ಆ ವೋಚರುಗಳ ಮೇಲೆ ನನ್ನ ಸಣ್ಣ ಸಹಿಯೂ ಇದೆ. ಉತ್ತಮ ಖಾತೆ ಏಕಾಯಿತೆಂದರೆ, ನಾಲ್ಕನೆಯವನಾಗಿ ಒಬ್ಬ ಮನುಷ್ಯ ಅದನ್ನು ತನ್ನ ಮತ್ತು ಹೆಂಡತಿಯ ಬೆನ್ನಿನ ಮೇಲೆ ಹೊತ್ತು ಮುಟ್ಟಿಸುತ್ತಿದ್ದ. ಅವನ ಹೆಸರು ಎಲ್ಲೂ ಇರಲಿಲ್ಲ. ಹೆಸರಿಲ್ಲ, ಆದ್ದರಿಂದ ಸಾಲವಿಲ್ಲ ಎಂದು ಅವನು ತಿಳಿದ. ಹೆಸರಿಲ್ಲ, ಆದ್ದರಿಂದ ಅವನ ಸಾಲ ಎಂದೂ ಹರಿಯುವುದಿಲ್ಲ ಎಂಬುದು ನನಗೆ ಗೊತ್ತಿತ್ತು.

ಆ ಮನುಷ್ಯನ ಕಾಲದ ಮಾತು ಹಳೆಯದಾಯಿತು ಎಂದು ನೀವು ಅನ್ನಬಹುದು. 2019ರಲ್ಲಿ ಮಹಾರಾಷ್ಟ್ರ ಸರಕಾರ ನೇಮಿಸಿದ ಸಮಿತಿಯ ವರದಿ ಬಂತು. ಬೀಡ್ ಜಿಲ್ಲೆಯಲ್ಲಿ ವಿಚಾರಿಸಿದ 82,309 ಕಬ್ಬು ಕಡಿಯುವ ಹೆಂಗಸರಲ್ಲಿ 13,861 ಮಂದಿಗೆ ಗರ್ಭಚೀಲ ತೆಗೆದಿತ್ತು. ಆರರಲ್ಲಿ ಒಬ್ಬಳು. ಹೊಲದಲ್ಲಿ ಮರೆಯಿಲ್ಲ, ನೀರಿಲ್ಲ, ತಿಂಗಳ ನೋವಿಗೆ ರಜೆಯಿಲ್ಲ, ಮಲಗಿದರೆ ಖಾಡಾ. ಅದನ್ನೇ ತೆಗೆಸಿಕೊಂಡರೆ ಚಿಂತೆಯಿಲ್ಲವೆಂದು ಡಾಕ್ಟರನೂ ಹೇಳುತ್ತಾನೆ, ಮುಕಾದಮನೂ ಹೇಳುತ್ತಾನೆ. ಆಪರೇಶನ್ನಿನ ಖರ್ಚಿಗೆ ಮತ್ತೆ ಉಚಲ್. 2024ರ ಮಾರ್ಚಿನಲ್ಲಿ ಅಮೆರಿಕದ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಈ ಎಲ್ಲವನ್ನೂ ದೊಡ್ಡದಾಗಿ ಬರೆದು, ಮಹಾರಾಷ್ಟ್ರದ ಈ ಸಕ್ಕರೆ ಕೋಕ್, ಪೆಪ್ಸಿಗಳಂಥ ದೊಡ್ಡ ಪಾನೀಯದ ಕಂಪನಿಗಳಿಗೂ ಹೋಗುತ್ತದೆಂದು ತೋರಿಸಿತು. ಕಾರಖಾನೆಗಳ ಹಳೆಯ ಉತ್ತರವೂ ನಮಗೆ ಗೊತ್ತೇ ಇದೆ: ಕಡಿಯುವವರು ನಮ್ಮ ಕೆಲಸಗಾರರಲ್ಲ, ಗುತ್ತಿಗೆದಾರರ ಜನ.

ಬ್ರಿಟನ್ನಿನಲ್ಲಿ 2015ರಲ್ಲಿ ಒಂದು ಹೊಸ ಕಾನೂನು ಬಂತು, ಆಧುನಿಕ ಗುಲಾಮಗಿರಿಯ ಕಾನೂನು. ವರ್ಷಕ್ಕೆ 3 ಕೋಟಿ 60 ಲಕ್ಷ ಪೌಂಡು ಅಥವಾ ಅದಕ್ಕೂ ಮೇಲೆ ವಹಿವಾಟುಳ್ಳ ಕಂಪನಿಗಳು, ದೊಡ್ಡ ದೊಡ್ಡ ಅಂಗಡಿಗಳೂ ಸೇರಿ, ತಮ್ಮ ಸರಕು ಬರುವ ದಾರಿಯಲ್ಲಿ ಗುಲಾಮಗಿರಿ ಇಲ್ಲದಂತೆ ಏನು ಮಾಡಿದೆವೆಂದು ವರ್ಷಕ್ಕೊಂದು ಹೇಳಿಕೆ ಪ್ರಕಟಿಸಬೇಕು. ಒಳ್ಳೆಯದೇ. ಆದರೆ ಅದರೊಳಗೇ ಒಂದು ಕಂಡಿ ಬಿಟ್ಟಿದ್ದಾರೆ. ನಾವು ಏನೂ ಮಾಡಿಲ್ಲ ಎಂದು ಬರೆದು ಪ್ರಕಟಿಸಿದರೂ ಕಾನೂನಿನ ಮಟ್ಟಿಗೆ ನಡೆಯುತ್ತದೆ. ಹೇಳಿಕೆ ಬರೆಯುವವರು ಲಂಡನ್ನಿನ ಕಚೇರಿಯವರು. ನನಗೆ ಮತ್ತೆ ಆ ನೀಲಿ ಬಟ್ಟಲು ನೆನಪಾಗುತ್ತದೆ.

ಹಾಗಾದರೆ ತಡೆಯುವುದು ಆಗದ ಮಾತೆ? ಆಗುವ ಮಾತೆಂದು ತೋರಿಸಿದ ಒಂದು ಉದಾಹರಣೆ ತಾಳವಾಡಿ, ಹೊಸೂರಿನ ಬಾಂಧವರ ರಾಜ್ಯದಲ್ಲೇ ಇದೆ. ಕೊಯಮತ್ತೂರು, ತಿರುಪ್ಪೂರು, ಈರೋಡು, ದಿಂಡಿಗಲ್ಲುಗಳ ನೂಲಿನ ಗಿರಣಿಗಳಲ್ಲಿ ಸುಮಂಗಲಿ ಯೋಜನೆ ಎಂಬ ಹೆಸರಿನಲ್ಲಿ ಮದುವೆಯಾಗದ ಹುಡುಗಿಯರನ್ನು ಮೂರು ವರ್ಷಕ್ಕೆ ಹಾಸ್ಟೆಲಿನಲ್ಲಿಟ್ಟು ದುಡಿಸಿ, ಕೊನೆಗೆ ಮದುವೆಯ ಖರ್ಚಿಗೆಂದು ಗಂಟು ಹಣ ಕೊಡುವೆವೆಂದು ಹೇಳುತ್ತಿದ್ದರು. ನಡುವೆ ಬಿಟ್ಟುಹೋದರೆ ಗಂಟು ಇಲ್ಲ. ಇಲ್ಲಿ ಮುಂಗಡದ ಬದಲು ಹಿಂಗಡ, ಅಷ್ಟೇ ವ್ಯತ್ಯಾಸ. ಆ ನೂಲು, ಬಟ್ಟೆ ಯುರೋಪು, ಅಮೆರಿಕದ ಅಂಗಡಿಗಳಿಗೆ ಹೋಗುತ್ತಿತ್ತು. ತಪಾಸಣೆಯವರು ಬರುತ್ತಿದ್ದರು, ಹೋಗುತ್ತಿದ್ದರು.

2021ರ ಜನವರಿಯಲ್ಲಿ ದಿಂಡಿಗಲ್ಲಿನ ಒಂದು ಉಡುಪು ಕಾರಖಾನೆಯ ದಲಿತ ಯುವತಿಯೊಬ್ಬಳ ಕೊಲೆಯಾಯಿತು. ಕೊಲೆಯ ಆರೋಪ ಬಂದದ್ದು ಅದೇ ಕಾರಖಾನೆಯ ಮೇಲ್ವಿಚಾರಕನ ಮೇಲೆ. ಹೆಂಗಸರೇ ನಡೆಸುವ ಕಾರ್ಮಿಕ ಸಂಘವೊಂದು ಹಿಡಿದ ಹಟ ಬಿಡಲಿಲ್ಲ. 2022ರಲ್ಲಿ ಕಾರಖಾನೆಯ ಒಡೆತನದ ಕಂಪನಿ, ಸಂಘ, ಬಟ್ಟೆ ಕೊಳ್ಳುವ ಪರದೇಶದ ಕಂಪನಿಗಳು ಒಪ್ಪಂದಗಳಿಗೆ ಸಹಿ ಮಾಡಿದವು. ಅದಕ್ಕೆ ದಿಂಡಿಗಲ್ ಒಪ್ಪಂದವೆಂದು ಹೆಸರು. ಅದು ಜೀತದ ವಿರುದ್ಧ ಮಾಡಿದ್ದಲ್ಲ, ಹೆಣ್ಣುಮಕ್ಕಳ ಮೇಲಿನ ಹಿಂಸೆಯ ವಿರುದ್ಧ ಮಾಡಿದ್ದು. ಆದರೆ ಅದರ ಕಟ್ಟಡ ನೋಡಿರಿ. ತಪಾಸಣೆಯವರು ಹೊರಗಿನಿಂದ ವರ್ಷಕ್ಕೊಮ್ಮೆ ಬರುವ ಸಾಹೇಬರಲ್ಲ. ಹೊಲಿಗೆಯ ಸಾಲಿನಲ್ಲೇ ಕೂತು ಕೆಲಸ ಮಾಡುವ ಹೆಂಗಸರಿಗೆ ತರಬೇತಿ ಕೊಟ್ಟು, ತಪ್ಪು ಕಂಡಲ್ಲಿ ಬರೆದು ಹೇಳುವ ಅಧಿಕಾರ ಕೊಟ್ಟರು. ಕಾರಖಾನೆ ಒಪ್ಪಂದ ಮೀರಿದರೆ ಕೊಳ್ಳುವ ಕಂಪನಿ ತನ್ನ ವ್ಯಾಪಾರ ತಡೆಯಬೇಕೆಂದಿತ್ತು. ಬೇಬರನಿಗೆ ಸುಳಿವು ಸಿಕ್ಕಿತು, ಅದು ಅದೃಷ್ಟ. ಇಲ್ಲಿ ಸುಳಿವು ಕೊಡುವವರನ್ನೇ ಒಳಗೆ ಇಟ್ಟರು.

ಕಬ್ಬಿನ ಹೊಲದಲ್ಲಿ ಅಂಥದ್ದು ಇನ್ನೂ ಆಗಬೇಕಾಗಿದೆ. ಈಚಿನ ವರ್ಷಗಳಲ್ಲಿ ಮಹಾರಾಷ್ಟ್ರ ಸರಕಾರ ಕಬ್ಬು ಕಡಿಯುವವರಿಗೆಂದು ಒಂದು ಕಲ್ಯಾಣ ಮಹಾಮಂಡಳ ಮಾಡಿ, ಗ್ರಾಮಸೇವಕರ ಮೂಲಕ ಗುರುತಿನ ಚೀಟಿ ಕೊಡಿಸತೊಡಗಿದೆ. 2024ರ ಜನವರಿಯಲ್ಲಿ ಕಡಿಯುವ ದರವನ್ನು ಶೇಕಡಾ 34ರಷ್ಟು ಏರಿಸುವ ಒಪ್ಪಂದವಾಯಿತು. ದರ ಏರಿದ್ದು ಸಂತೋಷ. ಅದಕ್ಕಿಂತ ಚೀಟಿಯ ಸುದ್ದಿ ನನಗೆ ಹೆಚ್ಚು ಸಂತೋಷ ಕೊಟ್ಟಿತು. ನಮ್ಮ ಗಡಿಯ ಹಳ್ಳಿಗಳಿಂದ ಹಂಗಾಮಿಗೆ ಹೋಗುವವರು ಯಾರಾದರೂ ಇದನ್ನು ಕೇಳುತ್ತಿದ್ದರೆ, ಹೊರಡುವ ಮೊದಲು ಪಂಚಾಯಿತಿಗೆ ಹೋಗಿ ಆ ಚೀಟಿ ಕೇಳಿರಿ. ಮರಾಠಿ ಬಾರದಿದ್ದರೆ ಬರುವವರನ್ನು ಕರೆದುಕೊಂಡು ಹೋಗಿರಿ.

ಅಂದು ಕೌಂಟರಿನ ಮುಂದೆ ನಿಂತ ಆ ಮನುಷ್ಯನಿಗೆ ನಾನು ಹೇಳಿದ್ದು ಇಷ್ಟು: "ಬ್ಯಾಂಕಿಗೆ ನೀ ಏನೂ ಕೊಡಬೇಕಾಗಿಲ್ಲ. ಮುಕಾದಮನಿಗೆ ಎಷ್ಟ ಕೊಡಬೇಕು ಅನ್ನೂದು ಅವನ ವಹಿಯೊಳಗೈತಿ, ಅವನ ವಹಿ ಅವನ ಮನಿಯಾಗೈತಿ." ಅವನು ಹೊರಟುಹೋದ. ಎರಡು ದಿನ ಬಿಟ್ಟು ಮಗನ ಶಾಲೆಯ ಒಂದು ನೋಟುಬುಕ್ಕು ಹಿಡಿದುಕೊಂಡು ಬಂದ. ಅರ್ಧ ಬರೆದಿತ್ತು, ಅರ್ಧ ಖಾಲಿ. "ನಂದೂ ಒಂದು ವಹಿ ಮಾಡಿಕೊಡ್ರಿ" ಎಂದ. ಊಟದ ಬಿಡುವಿನಲ್ಲಿ ಕೂತು ಮಾಡಿಕೊಟ್ಟೆ. ತಾರೀಖು, ಎಷ್ಟು ಟನ್ನು, ಖಾಡಾ, ಎತ್ತಿದ ಹಣ, ಜಮೆ, ಬಾಕಿ. ಮಗ ಐದನೆಯ ಇಯತ್ತೆಯಲ್ಲಿದ್ದ, ಅವನೇ ಬರೆಯುವುದೆಂದು ಠರಾವಾಯಿತು.

ಎರಡು ಹಂಗಾಮು ಕಳೆದ ಮೇಲೆ ಗಂಡ ಹೆಂಡತಿ ಇಬ್ಬರೂ ಆ ಬುಕ್ಕು ಹಿಡಿದುಕೊಂಡು ಬ್ಯಾಂಕಿಗೆ ಬಂದರು. ಕೂಡಿ ಕಳೆದು ನೋಡಿದೆ. ಹುಡುಗ ಒಂದು ದಿನವನ್ನೂ ಬಿಟ್ಟಿರಲಿಲ್ಲ. ನಮ್ಮ ಲೆಕ್ಕದಂತೆ ಸಾಲ ಹಿಂದಿನ ಸಂಕ್ರಾಂತಿಗೇ ಹರಿದಿತ್ತು, ಮುಕಾದಮನೇ ಅವರಿಗೆ ಕೊಡಬೇಕಾಗಿತ್ತು. ಅದನ್ನು ಹಿಡಿದುಕೊಂಡು ಊರ ನಾಲ್ಕು ಹಿರಿಯರ ಮುಂದೆ ಕೂತರು. ಮುಕಾದಮ ಹೆಚ್ಚಿನ ಹಣವನ್ನೇನೂ ಕೊಡಲಿಲ್ಲ, ಆದರೆ ಮರುವರ್ಷ ಅವರನ್ನು ಕರೆಯಲು ಬರಲಿಲ್ಲ.

ಅಂದು ಬ್ಯಾಂಕಿನಲ್ಲಿ ನಾನು ಕೂಡಿಸಿ ಮುಗಿಸಿ ಬುಕ್ಕನ್ನು ತಿರುಗಿ ಕೊಡುವಾಗ ಆ ಹೆಣ್ಣುಮಗಳು ಮೊದಲ ಪುಟ ತೆರೆದು ಮಗನಿಂದ ಓದಿಸಿದಳು. ಮೇಲೆ ನಾನೇ ನನ್ನ ದುಂಡು ಅಕ್ಷರದಲ್ಲಿ ಗಂಡನ ಹೆಸರು, ಅದರ ಮುಂದೆ ಒಂದು ಕೊಯ್ತಾ ಎಂದು ಬರೆದಿದ್ದೆ.

"ಕಡಿದಾಂವ ಅಂವಾ ಒಬ್ಬನೇ ಏನ್ರಿ ಅಣ್ಣಾರ? ಕಟ್ಟಿ ಹೊತ್ತಾಕಿ ನಾ ಅಲ್ಲೇನ್ರಿ? ನನ್ನ ಹೆಸರ ಎಲ್ಲೈತಿ?"

ನಾನು ಪೆನ್ನು ತೆಗೆದು ಅವಳ ಹೆಸರು ಕೇಳಿದೆ.